ಕಾರಿನ ಕೆಳಗೆ ಮಲಗುವ ಮುನ್ನ

ಹೊಸೂರಿನಿಂದ ದೆಂಕಣಿಕೋಟೆಯ ಕಡೆಗೆ ಹೊರಟವರಿಗೆ ಮೊದಲು ಎದುರಾಗುವ ಊರು ಮತ್ತಿಗಿರಿ. 1824ರಲ್ಲಿ ಸೇನೆಯ ಕುದುರೆಗಳಿಗಾಗಿ ಆರಂಭಗೊಂಡು, ಮುಂದೆ ದನಗಳ ತಳಿ ಸಂವರ್ಧನೆಯ ಕ್ಷೇತ್ರವಾಗಿ ಬದಲಾದ ಸರ್ಕಾರಿ ಜಾನುವಾರು ಕ್ಷೇತ್ರದಿಂದ ಈ ಊರಿನ ಹೆಸರು ದೂರದವರಿಗೂ ಪರಿಚಿತ. ಕುದುರೆ ಮತ್ತು ಎತ್ತುಗಳ ಆ ಕಾಲದಲ್ಲಿ ಬಂಡಿಯ ಅಚ್ಚಿಗೂ ಮೇಲಿನ ಹಲಗೆಗೂ ನಡುವೆ ಏನೂ ಇರುತ್ತಿರಲಿಲ್ಲ. ದಾರಿಯ ಒಂದೊಂದು ಕಲ್ಲೂ ಪಯಣಿಗನ ಬೆನ್ನೆಲುಬಿಗೆ ನೇರವಾಗಿ ವರದಿ ಒಪ್ಪಿಸುತ್ತಿತ್ತು. ಇಂದು ಅದೇ ಊರಿನ ಮನೆಗಳ ಮುಂದೆ ನಿಂತಿರುವ ಸಣ್ಣ ಕಾರುಗಳಲ್ಲಿ ಆ ನಡುವಿನ ಜಾಗವನ್ನು ಸುರುಳಿ ಸ್ಪ್ರಿಂಗು, ಶಾಕ್ ಅಬ್ಸಾರ್ಬರು, ರಬ್ಬರ್ ಬುಶ್ಶು ಮತ್ತು ಬಾಲ್ ಜಾಯಿಂಟುಗಳು ತುಂಬಿವೆ. ಇವೆಲ್ಲಕ್ಕೂ ಸೇರಿ ಗ್ಯಾರೇಜಿನ ಭಾಷೆಯಲ್ಲಿ ಸಸ್ಪೆನ್ಷನ್ ಎಂದು ಹೆಸರು. ಕಾರು ತಯಾರಿಸಿದ ಕಂಪನಿ ಕೊಟ್ಟ ಭಾಗವನ್ನು ಬಿಟ್ಟು, ಪೇಟೆಯಿಂದ ಬೇರೊಂದನ್ನು ಕೊಂಡು ತಂದು, ಭಾನುವಾರ ಬೆಳಿಗ್ಗೆ ಮನೆಯಂಗಳದಲ್ಲೇ ತೊಡಿಸಿಕೊಳ್ಳುವ ಪದ್ಧತಿ ಈಚೆಗೆ ಬಲವಾಗಿ ಬೇರೂರಿದೆ.

ಇದಕ್ಕೆ ಕಾರಣಗಳಿಲ್ಲದಿಲ್ಲ. ನಮ್ಮ ದೇಶದ ಸಾಮಾನ್ಯ ಸಣ್ಣ ಕಾರಿನ ಹೊಟ್ಟೆ ಖಾಲಿ ಇದ್ದಾಗ ನೆಲದಿಂದ 160–170 ಮಿಲಿಮೀಟರ್ ಮೇಲಿರುತ್ತದೆ. ಐದು ಮಂದಿ ಕುಳಿತು, ಹಿಂದೆ ಎರಡು ಮೂಟೆ ರಾಗಿಯನ್ನೋ ಟೊಮೇಟೊ ಪೆಟ್ಟಿಗೆಗಳನ್ನೋ ಹೇರಿದರೆ ಆ ಅಂತರ ಕೆಲವು ಅಂಗುಲ ಕುಸಿಯುತ್ತದೆ. ಆಗ ಊರೂರಿನ ಬಾಗಿಲಲ್ಲಿ ಎದ್ದು ನಿಂತ ರಸ್ತೆ ಉಬ್ಬುಗಳು ಕಾರಿನ ತಳವನ್ನು ಕೆರೆಯತೊಡಗುತ್ತವೆ. ಗ್ಯಾರೇಜಿಗೆ ಹೋದರೆ ಹೊಸ ಸ್ಪ್ರಿಂಗಿನ ಬೆಲೆ, ಕೂಲಿ, ಒಂದು ದಿನದ ರಜೆ. ಮನೆಬಾಗಿಲಿಗೇ ಬರುವ ಪೊಟ್ಟಣದೊಳಗಾದರೋ ಎರಡು ರಬ್ಬರಿನ ಬಳೆಗಳು ಮತ್ತು 'ಹತ್ತೇ ನಿಮಿಷದಲ್ಲಿ ತೊಡಿಸಬಹುದು' ಎಂಬ ಭರವಸೆ.

ಈ ಸೀಮೆಯಲ್ಲಿ ಆ ಭರವಸೆಯನ್ನು ನಂಬುವವರು ಹೆಚ್ಚಿರುವುದಕ್ಕೆ ಇನ್ನೊಂದು ಕಾರಣವೂ ಉಂಟು. 1980ರಲ್ಲಿ ಟಿವಿಎಸ್ 50 ಮೊಪೆಡ್ ಹೊರಬಂದದ್ದು ಹೊಸೂರಿನಿಂದ. ಅದೇ ಕಾಲಕ್ಕೆ ಅಶೋಕ್ ಲೇಲ್ಯಾಂಡಿನ ಕಾರ್ಖಾನೆಯೂ ಇಲ್ಲಿ ನೆಲೆಯೂರಿತು. ಅಂದಿನಿಂದ ಸ್ಪ್ಯಾನರ್ ಹಿಡಿಯಬಲ್ಲ ಕೈ ಪ್ರತಿ ಬೀದಿಯಲ್ಲೂ ಒಂದಾದರೂ ಇದೆ. ಕಾರ್ಖಾನೆಯಲ್ಲಿ ದಿನಕ್ಕೆ ನೂರಾರು ನಟ್ಟು ಬಿಗಿಯುವವನಿಗೆ ತನ್ನ ಕಾರಿನ ನಾಲ್ಕು ನಟ್ಟು ಯಾವ ಲೆಕ್ಕ ಎಂಬ ಧೈರ್ಯ ಸಹಜ. ಆದರೆ ಕಾರ್ಖಾನೆಯಲ್ಲಿ ವಾಹನವನ್ನು ಎತ್ತಿ ಹಿಡಿಯುವುದು ಯಂತ್ರ. ಬಿಗಿತ ಎಷ್ಟಿರಬೇಕೆಂದು ತೀರ್ಮಾನಿಸುವುದು ಅಳತೆ ಮಾಡಿಟ್ಟ ಉಪಕರಣ. ತಪ್ಪಿದರೆ ಸಾಲನ್ನು ನಿಲ್ಲಿಸಲು ಮೇಲ್ವಿಚಾರಕನಿದ್ದಾನೆ. ಮತ್ತಿಗಿರಿಯ ಅಂಗಳದಲ್ಲಿ ಈ ಮೂರೂ ಇಲ್ಲ. ಕೈಯ ಅಭ್ಯಾಸ ಮಾತ್ರ ಮನೆಗೆ ಬಂದಿದೆ, ಅದನ್ನು ಸುತ್ತುವರಿದಿದ್ದ ರಕ್ಷಣೆ ಕಾರ್ಖಾನೆಯ ಗೇಟಿನೊಳಗೇ ಉಳಿದಿದೆ.

ಮೊದಲು ಆ ಬಳೆಯ ಗುಣವನ್ನು ನೋಡಬೇಕು. ಪೇಟೆಯಲ್ಲಿ ಬಫರ್ ಎಂದು ಕರೆಯುವ ಈ ಯುರೆಥೇನ್ ತುಂಡನ್ನು ಸ್ಪ್ರಿಂಗಿನ ಎರಡು ಸುತ್ತುಗಳ ನಡುವೆ ತುರುಕುತ್ತಾರೆ. ತುರುಕಿದ ಜಾಗದಲ್ಲಿ ಸ್ಪ್ರಿಂಗು ಮೊದಲಿನಂತೆ ಬಾಗಲಾರದು. ಸುರುಳಿಯ ಬಿಗುವು ಅದರಲ್ಲಿ ದುಡಿಯುವ ಸುತ್ತುಗಳ ಸಂಖ್ಯೆಗೆ ವಿಲೋಮವಾಗಿ ಇರುತ್ತದೆಂಬುದು ಯಂತ್ರಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಆರು ಸುತ್ತು ದುಡಿಯುತ್ತಿದ್ದ ಕಡೆ ಒಂದು ಸುತ್ತು ಪೂರ್ತಿ ಕಟ್ಟಿಹೋಗಿ ಐದೇ ಉಳಿದವೆನ್ನಿ, ಬಿಗುವು ಶೇಕಡಾ 20ರಷ್ಟು ಏರಿತು. ಕಾರು ಎದ್ದು ನಿಂತಿತು, ಮಾಲೀಕನಿಗೆ ಸಂತೋಷವಾಯಿತು. ಆದರೆ ಕುಲುಕಾಟವನ್ನು ತಣಿಸುವ ಕೆಲಸ ಸ್ಪ್ರಿಂಗಿನದಲ್ಲ, ಶಾಕ್ ಅಬ್ಸಾರ್ಬರಿನದು. ಅದನ್ನು ಹಳೆಯ ಬಿಗುವಿಗೆ ತಕ್ಕಂತೆ ಎಣ್ಣೆ ತುಂಬಿ ರೂಪಿಸಿದ್ದಾರೆ. ಬಲಿಷ್ಠವಾದ ಸ್ಪ್ರಿಂಗನ್ನು ಹಳೆಯ ಶಾಕ್ ಅಬ್ಸಾರ್ಬರು ಹಿಡಿದು ನಿಲ್ಲಿಸುವಾಗ ಸ್ವಲ್ಪ ಸೋಲುತ್ತದೆ. ಉಬ್ಬು ದಾಟಿದ ಮೇಲೂ ಕಾರಿನ ಹಿಂಭಾಗ ಕುಣಿಯುವುದು ಈ ಕಾರಣದಿಂದಲೇ. ಜೊತೆಗೆ ಬಳೆಯ ಅಂಚು ಉಜ್ಜಿ ಸ್ಪ್ರಿಂಗಿನ ಬಣ್ಣ ಕಿತ್ತುಹೋದರೆ, ಕೆಸರು ನೀರು ಅಲ್ಲೇ ನಿಂತು ತುಕ್ಕು ಹಿಡಿಯುತ್ತದೆ. ತುಕ್ಕಿನ ಗಾಯದಿಂದಲೇ ಸ್ಪ್ರಿಂಗು ಮುರಿಯುವುದು ಆರಂಭ.

ಇದಕ್ಕಿಂತ ಮುಖ್ಯವಾದ, ಮಾರುವವರು ಸಾಮಾನ್ಯವಾಗಿ ಬಾಯಿಬಿಡದ ಸಂಗತಿ ಬ್ರೇಕಿಗೆ ಸಂಬಂಧಿಸಿದ್ದು. ಅನೇಕ ವ್ಯಾನು, ಪಿಕಪ್ಪು ಮತ್ತು ಹಳೆಯ ಕೆಲವು ಕಾರುಗಳ ಹಿಂದಿನ ಅಚ್ಚಿನ ಬಳಿ ಒಂದು ಕವಾಟವಿರುತ್ತದೆ. ಅಚ್ಚಿಗೂ ಮೈಗೂ ನಡುವಿನ ದೂರವನ್ನು ಒಂದು ಸರಳಿನ ಮೂಲಕ ಅಳೆದು, ದೂರ ಕಡಿಮೆಯಿದ್ದರೆ ಹೊರೆ ಹೆಚ್ಚಿದೆಯೆಂದು ಅರಿತು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುವುದು, ದೂರ ಹೆಚ್ಚಿದ್ದರೆ ಗಾಡಿ ಖಾಲಿಯೆಂದು ತಿಳಿದು ಒತ್ತಡವನ್ನು ತಗ್ಗಿಸುವುದು ಅದರ ಕೆಲಸ. ಬಫರ್ ತುರುಕಿಯೋ ಎತ್ತರದ ಸ್ಪ್ರಿಂಗು ಹಾಕಿಯೋ ಮೈಯನ್ನು ಮೇಲೆತ್ತಿದ ಮರುಗಳಿಗೆಯಿಂದ ಆ ಕವಾಟ ಮೋಸಹೋಗುತ್ತದೆ. ಗಾಡಿ ತುಂಬಿದ್ದರೂ ಖಾಲಿಯಿದೆಯೆಂದೇ ಅದರ ತಿಳಿವಳಿಕೆ. ರಾಯಕೋಟೆಯ ಇಳಿಜಾರಿನಲ್ಲಿ ಟೊಮೇಟೊ ತುಂಬಿ ಇಳಿಯುವ ಪಿಕಪ್ಪಿಗೆ ಈ ತಪ್ಪು ತಿಳಿವಳಿಕೆ ಎಷ್ಟು ದುಬಾರಿಯೆಂದು ವಿವರಿಸಬೇಕಾಗಿಲ್ಲ. ಎತ್ತರ ಬದಲಾದ ಮೇಲೆ ಆ ಸರಳನ್ನು ಮತ್ತೆ ಹೊಂದಿಸಲೇಬೇಕು. ಹಾಗೆಯೇ ಮುಂಭಾಗವನ್ನಷ್ಟೇ ಎತ್ತಿದರೆ ದೀಪದ ಬೆಳಕು ಎದುರಿನವನ ಕಣ್ಣಿಗೆ ಹೋಗುತ್ತದೆ, ಹಿಂಭಾಗವನ್ನಷ್ಟೇ ಎತ್ತಿದರೆ ಸ್ವಂತ ದಾರಿಯೇ ಮೊಟಕಾಗುತ್ತದೆ. ಚಕ್ರಗಳ ವಾಲಿಕೆ ಬದಲಾದ್ದರಿಂದ ಅಲೈನ್‌ಮೆಂಟ್ ಮಾಡಿಸದೆ ಓಡಿಸಿದರೆ ಹೊಸ ಟೈರು ಒಂದೇ ಬದಿಗೆ ಸವೆಯುತ್ತದೆ.

ಇಷ್ಟಾದರೂ ಬಫರ್ ತೊಡಿಸುವುದು ಈ ಕೆಲಸಗಳ ಪೈಕಿ ನಿರಪಾಯಕಾರಿಯಾದುದು. ಚಕ್ರವನ್ನು ತೂಗಾಡಿಸಿದರೆ ಸುತ್ತುಗಳು ತಾವೇ ಬಿಡಿಸಿಕೊಳ್ಳುತ್ತವೆ. ಸಾಬೂನಿನ ನೀರು ಸವರಿ ಬಳೆಯನ್ನು ಕೂರಿಸಬಹುದು. ಮುಂದಿನ ಚಕ್ರದ ಸ್ಟ್ರಟ್ ಬಿಚ್ಚಿ ಹೊಸ ಶಾಕ್ ಅಬ್ಸಾರ್ಬರ್ ಹಾಕುವುದು ಮಾತ್ರ ಬೇರೆಯದೇ ಜಾತಿಯ ಕೆಲಸ. ಅಮೆರಿಕದ ಅರ್ಲ್ ಮ್ಯಾಕ್‌ಫರ್ಸನ್ ಎಂಬ ಎಂಜಿನಿಯರು 1940ರ ದಶಕದಲ್ಲಿ ರೂಪಿಸಿದ ವಿನ್ಯಾಸವೇ ಇಂದು ಬಹುಪಾಲು ಸಣ್ಣ ಕಾರುಗಳ ಮುಂಭಾಗದಲ್ಲಿದೆ. ಅದರಲ್ಲಿ ಶಾಕ್ ಅಬ್ಸಾರ್ಬರನ್ನೇ ಕಂಬವಾಗಿಸಿ ಅದರ ಸುತ್ತ ಸ್ಪ್ರಿಂಗನ್ನು ಅದುಮಿ ಕೂರಿಸಿ, ತುದಿಯಲ್ಲಿ ಒಂದೇ ಒಂದು ನಟ್ಟಿನಿಂದ ಬಂಧಿಸಿರುತ್ತಾರೆ. ಅದುಮಿದ ಸ್ಪ್ರಿಂಗು ಹೊರನೋಟಕ್ಕೆ ನಿರ್ಜೀವ ವಸ್ತು. ಲೆಕ್ಕ ಹಾಕಿದರೆ ಬೇರೆಯೇ ಚಿತ್ರ ಕಾಣುತ್ತದೆ: ಮಿಲಿಮೀಟರಿಗೆ 20 ನ್ಯೂಟನ್ ಬಿಗುವಿನ ಸಾಧಾರಣ ಸ್ಪ್ರಿಂಗನ್ನು 150 ಮಿಲಿಮೀಟರ್ ಅದುಮಿದರೆ ಅದರೊಳಗೆ 225 ಜೂಲ್ ಶಕ್ತಿ ಕೂಡಿರುತ್ತದೆ. ಹತ್ತು ಕಿಲೋ ಕಲ್ಲೊಂದು ಏಳು ಅಡಿಗೂ ಹೆಚ್ಚು ಎತ್ತರದಿಂದ ಬಿದ್ದಾಗ ಕೊಡುವ ಪೆಟ್ಟು ಅದು. ಸ್ಪ್ರಿಂಗನ್ನು ಕಂಪ್ರೆಸರಿನಿಂದ ಎರಡೂ ಬದಿ ಸಮನಾಗಿ ಹಿಡಿದು ಸಡಿಲಗೊಳಿಸದೆ ಆ ತುದಿಯ ನಟ್ಟನ್ನು ಬಿಚ್ಚಿದವನ ಮುಖ ಸಾಮಾನ್ಯವಾಗಿ ಅದರ ನೇರದಲ್ಲೇ ಇರುತ್ತದೆ, ಏಕೆಂದರೆ ನಟ್ಟು ಕಾಣಬೇಕಲ್ಲ. ಬಾಡಿಗೆಗೆ ತಂದ, ಹಲ್ಲು ಸವೆದ ಕಂಪ್ರೆಸರ್ ಇನ್ನೂ ಕೆಟ್ಟದ್ದು. ಅದು ಅರ್ಧದವರೆಗೆ ನಂಬಿಕೆ ಹುಟ್ಟಿಸಿ ಆಮೇಲೆ ಜಾರುತ್ತದೆ. ಈ ಒಂದು ಹಂತವನ್ನು ಮನೆಯಲ್ಲಿ ಮಾಡದಿರುವುದು ಲೇಸು. ಸ್ಟ್ರಟ್ಟನ್ನು ಇಡಿಯಾಗಿ ಬಿಚ್ಚಿ, ಸ್ಪ್ರಿಂಗು ಬದಲಿಸುವಷ್ಟಕ್ಕೆ ಗ್ಯಾರೇಜಿಗೆ ಒಯ್ದು, ಮತ್ತೆ ತಂದು ತೊಡಿಸಿಕೊಂಡರೆ ಕೂಲಿಯ ದೊಡ್ಡ ಭಾಗ ಹೇಗೂ ಉಳಿಯುತ್ತದೆ.

ಆದರೆ ಸ್ಪ್ರಿಂಗಿಗಿಂತ ದೊಡ್ಡ ಅಪಾಯ ಜ್ಯಾಕು. ಕಾರಿನ ಜೊತೆ ಕೊಡುವ ಕತ್ತರಿ ಜ್ಯಾಕು ದಾರಿಯಲ್ಲಿ ಚಕ್ರ ಬದಲಿಸುವ ಹೊತ್ತಿಗಷ್ಟೇ ಹುಟ್ಟಿದ್ದು. ಅದರ ಮೇಲೆ ನಿಂತ ಕಾರಿನ ಕೆಳಗೆ ತಲೆಯನ್ನಾಗಲಿ ತೋಳನ್ನಾಗಲಿ ತೂರಿಸಬಾರದೆಂದು ಪ್ರತಿ ಕಾರಿನ ಕೈಪಿಡಿಯೂ ಹೇಳುತ್ತದೆ. ಕೈಪಿಡಿ ಮಾತ್ರ ಪ್ಲಾಸ್ಟಿಕ್ ಚೀಲ ಬಿಚ್ಚದೆ ಡ್ಯಾಶ್‌ಬೋರ್ಡಿನೊಳಗೆ ಮಲಗಿರುತ್ತದೆ. ಕಾರನ್ನು ಎತ್ತಿದ ಮೇಲೆ ಅದು ನಿಲ್ಲಬೇಕಾದದ್ದು ಉಕ್ಕಿನ ಸ್ಟ್ಯಾಂಡುಗಳ ಮೇಲೆ. ಇಟ್ಟಿಗೆ, ಸಿಮೆಂಟಿನ ಟೊಳ್ಳು ಕಲ್ಲು ಸ್ಟ್ಯಾಂಡಿನ ಕೆಲಸ ಮಾಡವು. ಅವು ಮೊದಲೇ ಸೂಚನೆ ಕೊಟ್ಟು ಬಾಗುವುದಿಲ್ಲ, ಒಮ್ಮೆಗೇ ಪುಡಿಯಾಗುತ್ತವೆ. ನಮ್ಮ ಮಣ್ಣಿನ ಅಂಗಳ, ಅದರಲ್ಲೂ ಮಳೆ ಬಂದ ಮಾರನೆಯ ದಿನ, ಸ್ಟ್ಯಾಂಡಿನ ನಾಲ್ಕು ಪಾದಗಳನ್ನು ಒಂದೇ ಸಮನೆ ನುಂಗುವುದಿಲ್ಲ. ಕೆಳಗೆ ದಪ್ಪ ಹಲಗೆ ಬೇಕು. ಇನ್ನೊಂದು ಸೂಕ್ಷ್ಮವಿದೆ. ಬಹುಪಾಲು ಕಾರುಗಳಲ್ಲಿ ಕೈಬ್ರೇಕು ಹಿಡಿಯುವುದು ಹಿಂದಿನ ಚಕ್ರಗಳನ್ನು. ಹಿಂಭಾಗವನ್ನು ಎತ್ತಿದ ಕ್ಷಣದಿಂದ ಆ ಕೈಬ್ರೇಕು ಗಾಳಿಯನ್ನು ಹಿಡಿದುಕೊಂಡಿರುತ್ತದೆ. ಮುಂದಿನ ಚಕ್ರಗಳ ಎರಡೂ ಬದಿಗೆ ಅಡ್ಡಗಟ್ಟೆ ಇಡದಿದ್ದರೆ ಸ್ವಲ್ಪ ಇಳಿಜಾರೂ ಸಾಕು.

ಬಿಗಿಯುವ ವಿಷಯಕ್ಕೂ ಒಂದು ಮಾತು. ಕಾರು ಎತ್ತಿ ನಿಂತಿರುವಾಗಲೇ ರಬ್ಬರ್ ಬುಶ್ಶಿನ ಬೋಲ್ಟುಗಳನ್ನು ಪೂರ್ತಿ ಬಿಗಿದರೆ, ಕಾರು ಇಳಿದಾಗ ಆ ರಬ್ಬರು ತಿರುಚಿಕೊಂಡೇ ಉಳಿದು ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಕಾರಿನ ಭಾರ ಚಕ್ರದ ಮೇಲೆ ಬಂದ ನಂತರವೇ ಕೊನೆಯ ಬಿಗಿತ. ನೈಲಾನ್ ಒಳಪಟ್ಟಿಯ ನಟ್ಟನ್ನು ಒಮ್ಮೆ ಬಿಚ್ಚಿದರೆ ಹೊಸದನ್ನೇ ಹಾಕುವುದು ಕ್ರಮ. ಬಿಗಿತದ ಅಳತೆಯನ್ನು ಕೈಪಿಡಿ ನ್ಯೂಟನ್ ಮೀಟರಿನಲ್ಲಿ ಕೊಟ್ಟಿರುತ್ತದೆ. 80 ನ್ಯೂಟನ್ ಮೀಟರ್ ಎಂದರೆ ಅರ್ಧ ಮೀಟರ್ ಉದ್ದದ ಹಿಡಿಯ ತುದಿಯಲ್ಲಿ ಸುಮಾರು 16 ಕಿಲೋ ಭಾರ. ಹಿಡಿಯ ಮೇಲೆ ಹತ್ತಿ ನಿಂತು ಬಿಗಿಯುವ ಪದ್ಧತಿಯಲ್ಲಿ ಇದರ ನಾಲ್ಕರಷ್ಟು ಬೀಳುತ್ತದೆ. ಬೋಲ್ಟು ಒಳಗೊಳಗೇ ಹಿಗ್ಗಿ, ಮುರಿಯುವ ದಿನವನ್ನು ತಾನೇ ಆರಿಸಿಕೊಳ್ಳುತ್ತದೆ.

ಇನ್ನು ಕಾನೂನು. ವಾಹನವನ್ನು ಮಾಲೀಕ ತನ್ನ ಇಷ್ಟದಂತೆ ಬದಲಿಸಬಹುದೇ ಎಂಬ ಪ್ರಶ್ನೆಗೆ ಉತ್ತರ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣದಲ್ಲಿದೆ. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕ ಮೂಲತಃ ನಿಗದಿಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಬದಲಿಸತಕ್ಕದ್ದಲ್ಲ ಎಂಬುದು ಅದರ ತಿರುಳು. ಕೇರಳ ಉಚ್ಚ ನ್ಯಾಯಾಲಯ ಇದನ್ನು ಸ್ವಲ್ಪ ಉದಾರವಾಗಿ ಓದಿತ್ತು. ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ, ಪ್ರಾದೇಶಿಕ ಸಾರಿಗೆ ಅಧಿಕಾರಿ ಮತ್ತು ಕೆ. ಜಯಚಂದ್ರ ನಡುವಣ ಪ್ರಕರಣದಲ್ಲಿ, ಆ ಓದನ್ನು ಒಪ್ಪದೆ ತಯಾರಕರ ಮೂಲ ವಿವರಗಳೇ ಅಂತಿಮವೆಂದು ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಪ್ರಕರಣದ ನಾಲ್ಕನೆಯ ಉಪಪ್ರಕರಣ ಬಿಡಿಭಾಗಗಳ ಮರುಜೋಡಣೆಯನ್ನೂ ಹೆಸರಿಸಿ, ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೆ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೆ 5,000 ರೂಪಾಯಿ ದಂಡ, ಇಲ್ಲವೆ ಎರಡನ್ನೂ ವಿಧಿಸುತ್ತದೆ.

ಇದನ್ನು ಓದಿದ ಮಾತ್ರಕ್ಕೆ ಹೊಸ ಶಾಕ್ ಅಬ್ಸಾರ್ಬರ್ ಹಾಕಿಕೊಂಡವರು ಹೆದರಬೇಕಾಗಿಲ್ಲ. 52ನೆಯ ಪ್ರಕರಣದ ವಿವರಣೆಯ ಪ್ರಕಾರ ಬದಲಾವಣೆಯೆಂದರೆ ವಾಹನದ ರಚನೆಯಲ್ಲಿ ಆಗಿ, ಅದರ ಮೂಲ ಲಕ್ಷಣವನ್ನೇ ಮಾರ್ಪಡಿಸುವಂಥದ್ದು. ಸವೆದ ಭಾಗದ ಜಾಗಕ್ಕೆ ಅದೇ ಅಳತೆಯ, ಅದೇ ಕೆಲಸದ, ಬೇರೆ ತಯಾರಕನ ಭಾಗ ಹಾಕುವುದು ದುರಸ್ತಿ; ರಚನೆಯ ಬದಲಾವಣೆಯಲ್ಲ. ನೋಂದಣಿ ಪತ್ರದಲ್ಲಿ ಎಂಜಿನ್ ಸಂಖ್ಯೆ, ಚಾಸಿ ಸಂಖ್ಯೆ, ಇಂಧನ, ಆಸನಗಳ ಸಂಖ್ಯೆ, ತೂಕ ಮೊದಲಾದವು ಇರುತ್ತವೆಯೇ ಹೊರತು ಸ್ಪ್ರಿಂಗಿನ ಬಿಗುವು ಇರುವುದಿಲ್ಲ. ಆದರೆ ಚಾಸಿಗೂ ಮೈಗೂ ನಡುವೆ ದಿಮ್ಮಿಯಿಟ್ಟು ಜೀಪನ್ನು ಅರ್ಧ ಅಡಿ ಎತ್ತುವುದು, ಆ ಎತ್ತರಕ್ಕೆ ತಕ್ಕ ದೈತ್ಯ ಟೈರು ಹಾಕುವುದು, ಹೆಚ್ಚು ಹೊರೆ ಹೊರಿಸಲೆಂದೇ ಪಿಕಪ್ಪಿಗೆ ಹೆಚ್ಚುವರಿ ಪಟ್ಟೆ ಸೇರಿಸುವುದು ಈ ವಿನಾಯಿತಿಯೊಳಗೆ ಬರುತ್ತವೆಂದು ವಾದಿಸಲು ಗಟ್ಟಿ ಎದೆ ಬೇಕು. ಪಟ್ಟೆ ಸೇರಿಸಿದ ಮಾತ್ರಕ್ಕೆ ನೋಂದಣಿ ಪತ್ರದಲ್ಲಿ ಬರೆದಿರುವ ಒಟ್ಟು ತೂಕದ ಮಿತಿ ಏರುವುದಿಲ್ಲ. ಬ್ರೇಕು, ಅಚ್ಚು, ಟೈರುಗಳಿಗೆ ಆ ಪಟ್ಟೆಯ ಸುದ್ದಿಯೇ ತಲುಪಿರುವುದಿಲ್ಲ. ಇವೆರಡರ ನಡುವೆ ಬಫರ್ ನಿಂತಿದೆ. ಅದನ್ನು ಅಪರಾಧವೆನ್ನುವುದು ಅತಿಯಾದೀತು. ಪೂರ್ಣ ನಿರ್ದೋಷಿಯೆನ್ನಲು ಅದರ ಹೆಸರೆತ್ತಿದ ನಿಯಮವೂ ಇಲ್ಲ.

ವಿಮೆಯ ವಿಷಯದಲ್ಲಿ ಊರಿನಲ್ಲಿ ಎರಡು ತಪ್ಪು ಕಲ್ಪನೆಗಳಿವೆ. ಏನನ್ನಾದರೂ ಬದಲಿಸಿದರೆ ವಿಮೆಯೇ ಸತ್ತುಹೋಗುತ್ತದೆಂಬುದು ಒಂದು. ಪ್ರೀಮಿಯಂ ಕಟ್ಟಿದ್ದರೆ ಎಲ್ಲವೂ ಸಿಗುತ್ತದೆಂಬುದು ಇನ್ನೊಂದು. ಕಾರು ಹಾದಿಹೋಕನಿಗೆ ಬಡಿದರೆ, ಆತನ ಪರಿಹಾರದ ಹಣವನ್ನು ಕೊಡದೆ ತಪ್ಪಿಸಿಕೊಳ್ಳಲು ಕಂಪನಿಗೆ ಯಾವ ಕಾರಣಗಳುಂಟೆಂದು ಕಾಯಿದೆಯ 150ನೆಯ ಪ್ರಕರಣವೇ ಎಣಿಸಿಕೊಟ್ಟಿದೆ: ಪರವಾನಗಿಯಿಲ್ಲದ ಚಾಲಕ, ಅಮಲಿನಲ್ಲಿ ಚಾಲನೆ, ಪಂದ್ಯಕ್ಕೆ ಬಳಕೆ ಇಂಥವು. ಸ್ಪ್ರಿಂಗು ಬದಲಿಸಿದ್ದು ಆ ಪಟ್ಟಿಯಲ್ಲಿಲ್ಲ. ಸ್ವಂತ ಕಾರಿನ ಹಾನಿ ಬೇರೆ. ಅದು ಶುದ್ಧ ಕರಾರಿನ ವಿಷಯ. ವಾಹನವನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳಲು ಮಾಲೀಕ ಯುಕ್ತ ಎಚ್ಚರ ವಹಿಸತಕ್ಕದ್ದೆಂಬ ಷರತ್ತು ಖಾಸಗಿ ಕಾರಿನ ಪಾಲಿಸಿಯಲ್ಲಿ ಇರುತ್ತದೆ. ಮುರಿದ ಸ್ಟ್ರಟ್ಟಿನಿಂದಲೇ ಕಾರು ಮಗುಚಿತೆಂದು ಸರ್ವೇಯರ್ ಬರೆದರೆ ಕಂಪನಿ ಈ ಷರತ್ತನ್ನು ಹಿಡಿಯುವುದು ಖಚಿತ. ಷರತ್ತು ಮುರಿದಿದೆಯೆಂದು ಸಾಬೀತುಪಡಿಸುವ ಭಾರ ಕಂಪನಿಯ ಮೇಲೆಯೇ ಇರುವುದಾದರೂ, ಮಾಲೀಕನ ಬಳಿ ಭಾಗದ ಬಿಲ್ಲಾಗಲಿ ಅಲೈನ್‌ಮೆಂಟಿನ ಚೀಟಿಯಾಗಲಿ ಇಲ್ಲದಿದ್ದರೆ ಆ ಭಾರ ಕಂಪನಿಗೆ ಹಗುರವಾಗುತ್ತದೆ.

ಇನ್ನೊಂದು ಪ್ರಶ್ನೆಯನ್ನು ಯಾರೂ ಮುಂಚಿತವಾಗಿ ಕೇಳುವುದಿಲ್ಲ. ಜ್ಯಾಕು ಜಾರಿ ಕೆಳಗಿದ್ದ ಮಾಲೀಕನೇ ಸತ್ತರೆ? 2018ರಿಂದ ಮಾಲೀಕ-ಚಾಲಕನ ವೈಯಕ್ತಿಕ ಅಪಘಾತ ವಿಮೆಯ ಮೊತ್ತ 15 ಲಕ್ಷ ರೂಪಾಯಿ. ವಾಹನಕ್ಕೆ ನೇರ ಸಂಬಂಧದಲ್ಲಿ ಸಂಭವಿಸಿದ ಸಾವು, ಅಥವಾ ಓಡಿಸುವಾಗ, ಹತ್ತಿ ಇಳಿಯುವಾಗ ಸಂಭವಿಸಿದ ಸಾವು ಎಂದು ಅದರ ಒಕ್ಕಣೆ. ಅಂಗಳದಲ್ಲಿ, ಚಕ್ರ ಬಿಚ್ಚಿಟ್ಟ ಕಾರಿನ ಕೆಳಗೆ ಸಂಭವಿಸಿದ ಸಾವು ಆ 'ನೇರ ಸಂಬಂಧ'ದೊಳಗೆ ಬರುತ್ತದೆಂದು ವಾದಿಸಲು ಧಾರಾಳ ಅವಕಾಶವಿದೆ. ಆದರೆ ವಾದಕ್ಕೆ ಅವಕಾಶವಿರುವ ಕಡೆಯೆಲ್ಲ ವಿಳಂಬಕ್ಕೂ ಅವಕಾಶವಿರುತ್ತದೆ, ಮತ್ತು ಕಾಯಬೇಕಾದವಳು ಹೆಂಡತಿ. ಕೆಳಗಿದ್ದವನು ಸ್ಪ್ಯಾನರ್ ಎತ್ತಿಕೊಡಲು ಬಂದ ಪಕ್ಕದ ಮನೆಯ ಹುಡುಗನಾಗಿದ್ದರೆ ಸ್ಥಿತಿ ಇನ್ನೂ ಘೋರ. ಮೂರನೆಯ ವ್ಯಕ್ತಿಯ ಕಡ್ಡಾಯ ವಿಮೆಯನ್ನು ಕಾನೂನು ಸಾರ್ವಜನಿಕ ಸ್ಥಳದಲ್ಲಿನ ವಾಹನ ಬಳಕೆಗೆ ಜೋಡಿಸಿರುವುದರಿಂದ, ಗೇಟಿನೊಳಗಿನ ಅಂಗಳದ ವಿಷಯದಲ್ಲಿ ಕಂಪನಿ ತಕರಾರು ತೆಗೆಯುತ್ತದೆ. ಅತ್ತ ಭಾರತೀಯ ನ್ಯಾಯ ಸಂಹಿತೆಯ 106ನೆಯ ಪ್ರಕರಣ, ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದವನಿಗೆ ಐದು ವರ್ಷಗಳವರೆಗಿನ ಸೆರೆವಾಸವನ್ನು ಇಟ್ಟುಕೊಂಡು ಕಾಯುತ್ತದೆ. ಸ್ಟ್ಯಾಂಡು ಇದ್ದೂ ಬಳಸಲಿಲ್ಲವೇ ಎಂಬುದು ಅಲ್ಲಿ ಬರುವ ಮೊದಲ ಪ್ರಶ್ನೆಗಳಲ್ಲೊಂದು.

ಹೊಸ ಕಾರಿನವರಿಗೆ ವಾರಂಟಿಯ ಚಿಂತೆ. ಹೊರಗಿನ ಮೆಕ್ಯಾನಿಕ್ ಮುಟ್ಟಿದರೆ ವಾರಂಟಿ ಪೂರ್ತಿ ರದ್ದೆಂದು ಶೋರೂಮಿನವರು ಗದರಿಸುವುದು ರೂಢಿ. ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ ಹದಿನಾಲ್ಕು ಕಾರು ತಯಾರಕರ ವಿರುದ್ಧ ನೀಡಿದ ಆದೇಶದಲ್ಲಿ ಇಂಥ ಸಾರಾಸಗಟು ಷರತ್ತು ಸಲ್ಲದೆಂದಿತು. ಹೊರಗಿನ ತಪ್ಪು ದುರಸ್ತಿಯಿಂದ ಎಷ್ಟು ಹಾನಿಯಾಯಿತೋ ಅಷ್ಟರ ಮಟ್ಟಿಗೆ ಮಾತ್ರ ವಾರಂಟಿ ನಿರಾಕರಿಸಬಹುದೆಂದಿತು. ಆ ಆದೇಶ ಮೇಲ್ಮನವಿಗಳ ದೀರ್ಘ ಹಾದಿ ಹಿಡಿದಿದ್ದರೂ ಅದರ ತರ್ಕಕ್ಕೆ ಬೆಲೆಯಿದೆ. ಸಸ್ಪೆನ್ಷನ್ ಬದಲಿಸಿದ್ದಕ್ಕೆ ಏರ್ ಕಂಡಿಷನರಿನ ವಾರಂಟಿ ಹೋಯಿತೆಂದು ಯಾರಾದರೂ ಹೇಳಿದರೆ ಬರವಣಿಗೆಯಲ್ಲಿ ಕೊಡಿ ಎಂದು ಕೇಳಬೇಕು. ಬರವಣಿಗೆಯ ಮಾತೆತ್ತಿದೊಡನೆ ಹಲವು ನಿಯಮಗಳು ತಾವಾಗಿಯೇ ಮೆತ್ತಗಾಗುವುದುಂಟು.

ಕೊಂಡ ಭಾಗವೇ ದೋಷಪೂರಿತವಾಗಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಆರನೆಯ ಅಧ್ಯಾಯ ನೆರವಿಗೆ ಬರುತ್ತದೆ. ತಯಾರಿಕೆಯ ದೋಷ, ವಿನ್ಯಾಸದ ದೋಷಗಳ ಜೊತೆಗೆ, ಸರಿಯಾದ ಬಳಕೆಯ ಸೂಚನೆ ಮತ್ತು ಎಚ್ಚರಿಕೆ ಸಾಕಷ್ಟು ಕೊಡದಿರುವುದೂ 84ನೆಯ ಪ್ರಕರಣದಡಿ ತಯಾರಕನ ಹೊಣೆಯೇ. ಆದರೆ 87ನೆಯ ಪ್ರಕರಣವನ್ನೂ ಜೊತೆಗೇ ಓದಬೇಕು. ಹಾನಿಯಾದ ವೇಳೆಗೆ ವಸ್ತುವನ್ನು ದುರ್ಬಳಕೆ ಮಾಡಿದ್ದರೆ ಅಥವಾ ಮಾರ್ಪಡಿಸಿದ್ದರೆ ಮಾರಾಟಗಾರನ ಮೇಲೆ ದಾವೆ ನಿಲ್ಲುವುದಿಲ್ಲ; ಪರಿಣತನ ಮೇಲ್ವಿಚಾರಣೆಯಲ್ಲೇ ಬಳಸಬೇಕಾದ ವಸ್ತುವಿನ ವಿಷಯದಲ್ಲಿ ಎಚ್ಚರಿಕೆ ಸಾಲದೆಂಬ ದೂರಿಗೆ ತಯಾರಕನಿಗೂ ಒಂದು ರಕ್ಷಣೆಯಿದೆ. ಸಡಿಲವಾಗಿದೆಯೆಂದು ಬಳೆಯನ್ನು ಚಾಕುವಿನಿಂದ ಕೊಯ್ದು ಹೊಂದಿಸಿದವರು ಇದನ್ನು ಗಮನಿಸತಕ್ಕದ್ದು. ದೂರನ್ನು ಎರಡು ವರ್ಷಗಳೊಳಗೆ ಕೊಡಬೇಕು. ಅಂಗಡಿ ದೆಹಲಿಯಲ್ಲಿದ್ದರೂ ಕೊಂಡವನು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ಕೊಡಬಹುದು. ಕೊಟ್ಟ ಬೆಲೆ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ.

ಎಚ್ಚರಿಕೆಯ ಮಾತು ಬಂದದ್ದರಿಂದ ಅದು ಯಾವ ಭಾಷೆಯಲ್ಲಿರುತ್ತದೆ ಎಂಬುದನ್ನೂ ನೋಡಬೇಕಾಗುತ್ತದೆ. ಪೊಟ್ಟಣದ ಸರಕುಗಳ ಮೇಲಿನ ಕಡ್ಡಾಯ ವಿವರಗಳು ದೇವನಾಗರಿ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿರಬೇಕೆಂದು 2011ರ ನಿಯಮಗಳು ಹೇಳುತ್ತವೆ. ಇತರ ಭಾಷೆಗಳಿಗೆ ಅಡ್ಡಿಯಿಲ್ಲ, ಆದರೆ ಕಡ್ಡಾಯವೂ ಇಲ್ಲ. ಹೀಗಾಗಿ ಹೊಸೂರು ಸೀಮೆಯಲ್ಲಿ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು ಬಳಸುವ ಗೃಹಸ್ಥನ ಕೈಗೆ ಬರುವ ಜೀವನ್ಮರಣದ ಸೂಚನೆ ಈ ಮೂರರಲ್ಲಿ ಒಂದರಲ್ಲೂ ಇರುವುದಿಲ್ಲ. ಚಿತ್ರ ನೋಡಿ ಕೆಲಸ ಮಾಡುತ್ತಾನೆ. ಚಿತ್ರದಲ್ಲಿ ಸ್ಟ್ಯಾಂಡು ಬರೆದಿರದಿದ್ದರೆ ಸ್ಟ್ಯಾಂಡು ಬೇಕೆಂದು ಅವನಿಗೆ ಹೊಳೆಯುವುದು ಹೇಗೆ? ಭಾಷಾ ಅಲ್ಪಸಂಖ್ಯಾತರ ಹಕ್ಕೆಂದರೆ ಶಾಲೆ ಮತ್ತು ನಾಮಫಲಕವಷ್ಟೇ ಎಂದು ತಿಳಿದವರು ಈ ಪೊಟ್ಟಣವನ್ನೊಮ್ಮೆ ತಿರುಗಿಸಿ ನೋಡಬಹುದು.

ಕಡೆಗೆ, ಈ ಎಲ್ಲ ಸಾಹಸಕ್ಕೆ ಮೂಲವಾದ ರಸ್ತೆ ಉಬ್ಬು. ಭಾರತೀಯ ರಸ್ತೆ ಕಾಂಗ್ರೆಸ್ 1988ರಲ್ಲಿ ಹೊರಡಿಸಿದ 99ನೆಯ ಸಂಹಿತೆಯಲ್ಲಿ ಉಬ್ಬಿನ ಅಳತೆಯಿದೆ: ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್, ದಾಟುವ ವೇಗ ಗಂಟೆಗೆ ಸುಮಾರು 25 ಕಿಲೋಮೀಟರ್. ಹನ್ನೆರಡು ಅಡಿ ಅಗಲದಲ್ಲಿ ನಾಲ್ಕೇ ಅಂಗುಲ ಏರುವ ಅಂಥ ಉಬ್ಬು, ತುಂಬಿದ ಸಣ್ಣ ಕಾರಿನ ಹೊಟ್ಟೆಯನ್ನೂ ಮುಟ್ಟದು. ಊರಿನವರೇ ರಾತ್ರೋರಾತ್ರಿ ಉಳಿದ ಕಾಂಕ್ರೀಟಿನಿಂದ ಕಟ್ಟಿದ ಒಂದಡಿ ಅಗಲದ ದಿಬ್ಬವಾದರೆ ಯಾವ ಸಂಹಿತೆಯ ಮಗುವೂ ಅಲ್ಲ. ಮೋಟಾರು ವಾಹನ ಕಾಯಿದೆಯ 198ಎ ಪ್ರಕರಣ ರಸ್ತೆಯ ಸುರಕ್ಷತಾ ಮಾನದಂಡ ಪಾಲಿಸದ ಅಧಿಕಾರಿ ಮತ್ತು ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಲ್ಲದು. ಆದರೆ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದ ಮೇಲೆ. ಅದಕ್ಕೂ ಮೊದಲು ಮಾಡಬಹುದಾದ್ದು ಅರ್ಜಿ. ಮತ್ತಿಗಿರಿ ಈಗ ಹೊಸೂರು ನಗರಾಡಳಿತದೊಳಗೆ ಸೇರಿರುವುದರಿಂದ ಒಳಬೀದಿಯ ದಿಬ್ಬಕ್ಕೆ ಮಹಾನಗರ ಪಾಲಿಕೆಗೆ, ಹೆದ್ದಾರಿಯದಕ್ಕೆ ಹೆದ್ದಾರಿ ಇಲಾಖೆಗೆ, ದಿಬ್ಬದ ಅಗಲ ಎತ್ತರಗಳನ್ನು ಟೇಪು ಹಿಡಿದು ಅಳೆದು, ಛಾಯಾಚಿತ್ರ ಲಗತ್ತಿಸಿ, ಸಂಹಿತೆಯ ಸಂಖ್ಯೆಯನ್ನು ಹೆಸರಿಸಿ ಬರೆದುಕೊಡಬೇಕು. ಸ್ವೀಕೃತಿಯ ಮುದ್ರೆ ಬಿದ್ದ ಪ್ರತಿಯೊಂದನ್ನು ಕೇಳಿ ಪಡೆದು, ಭಾಗದ ಬಿಲ್ಲಿನ ಜೊತೆ ಅದೇ ಕಡತದಲ್ಲಿ ಇಟ್ಟುಕೊಳ್ಳತಕ್ಕದ್ದು.